ಅಳಿಸಿದ ಮೊದಲ ಕೂಗು

ನಮ್ಮೂರಿನಲ್ಲಿ ಸೋದರತ್ತೆಯ ಜೊತೆ ಯಾರೂ ಜಗಳ ಕಾಯುವುದಿಲ್ಲ. ಬೇರೆ ಊರುಗಳಲ್ಲಿ ಸೋದರತ್ತೆ ತೊಟ್ಟಿಲ ಹತ್ತಿರ ಬಗ್ಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ಸೀರೆ ಉಡುಗೊರೆ ತೆಗೆದುಕೊಂಡು, ಊಟ ಮಾಡಿ ಹೋಗುತ್ತಾಳಂತೆ. ನಮ್ಮಲ್ಲಿ ಅವಳ ಕೆಲಸ ಅಂದಿನಿಂದಲೇ ಶುರು. ಕಿವಿಯಲ್ಲಿ ಹೆಸರು ಹೇಳಿದ ದನಿ ಯಾವುದೋ, ಮುಂದೆ ಆ ಮಗು ಎಷ್ಟೇ ದೊಡ್ಡದಾಗಲಿ, ನಿದ್ದೆಯಿಂದ ಏಳುವುದು ಆ ದನಿ ಕರೆದರೆ ಮಾತ್ರ. ನೀರು ಚೆಲ್ಲಿ, ತಮಟೆ ಬಾರಿಸಿ, ಮೂಗಿಗೆ ನಶ್ಯ ಹಿಡಿಯಿರಿ, ಪ್ರಯೋಜನವಿಲ್ಲ. ಅತ್ತೆ ಬಂದು ಒಂದು ಕೂಗು ಹಾಕಿದರೆ ಕಣ್ಣು ಬಿಡುತ್ತಾರೆ.

ಹಾಗಾಗಿ ನಮ್ಮೂರ ಹೆಣ್ಣುಮಕ್ಕಳನ್ನು ದೂರಕ್ಕೆ ಕೊಡುವುದಿಲ್ಲ. ಬೆಳಗಿನ ಹೊತ್ತು ಬೀದಿಯಲ್ಲಿ ಮೊದಲು ಕಾಣುವುದು ಹಾಲಿನವನಲ್ಲ, ಶಾಲು ಹೊದ್ದುಕೊಂಡು ಅಣ್ಣನ ಮನೆಯಿಂದ ತಮ್ಮನ ಮನೆಗೆ ಹೋಗುತ್ತಿರುವ ಅತ್ತೆಯಂದಿರು. ಎಲ್ಲ ಮನೆಯಲ್ಲೂ ಮೊದಲ ಲೋಟ ಕಾಫಿ ಅವರದು. ಕಚೇರಿಗೆ ತಡವಾಗಿ ಬಂದವನು "ಅತ್ತೆಗೆ ಗಂಟಲು ಕಟ್ಟಿದೆ ಸಾರ್" ಎಂದರೆ ಮೇಲಧಿಕಾರಿ ತುಟಿ ಬಿಚ್ಚುವಂತಿಲ್ಲ, ಅವನಿಗೂ ಒಬ್ಬಳು ಅತ್ತೆ ಇರುತ್ತಾಳಲ್ಲ. ಅತ್ತೆ ತೀರಿಕೊಂಡ ಮೇಲೆ ಏನು ಗತಿ? ಹಿಂದೆ ಕ್ಯಾಸೆಟ್ಟಿನಲ್ಲಿ ದನಿ ಹಿಡಿದಿಡುತ್ತಿದ್ದರು, ಈಗ ಪೆನ್ ಡ್ರೈವಿನಲ್ಲಿ. ತಲೆದಿಂಬಿನ ಪಕ್ಕ ಒಂದು ಸಣ್ಣ ಸ್ಪೀಕರು, ಅದಕ್ಕೆ ಹೊತ್ತು ಗೊತ್ತುಮಾಡುವ ಗುಂಡಿ, ಅದರ ಬೆನ್ನಿಗೆ ಪೆನ್ ಡ್ರೈವು. ದನಿ ಕಳೆದುಕೊಂಡವರು ಕೆರೆಯ ಹತ್ತಿರದ ಚಾವಡಿಯಲ್ಲಿ ಸಾಲಾಗಿ ಮಲಗಿದ್ದಾರೆ. ಉಸಿರಾಡುತ್ತಾರೆ, ಏಳುವುದಿಲ್ಲ. ಹಬ್ಬದ ದಿನ ಮನೆಯವರು ಹೋಗಿ ತಲೆ ಬಾಚಿ ಬರುತ್ತಾರೆ.

ಇಂಥ ಊರಿನಲ್ಲಿ ಕೆಟ್ಟ ಪೆನ್ ಡ್ರೈವು ರಿಪೇರಿ ಮಾಡುವವಳು ನಾನೊಬ್ಬಳೇ. ಹೆಸರು ವಾರಿಜ. ಹಳೆ ಬಸ್ ಸ್ಟ್ಯಾಂಡಿನ ಎದುರು ನನ್ನ ಅಂಗಡಿ. ಹೆಮ್ಮೆ ಪಡಬಾರದು ಎಂದು ದೊಡ್ಡವರು ಹೇಳುತ್ತಾರೆ, ಅವರು ಬೇಕಾದರೆ ಪಡದೆ ಇರಲಿ. ನಾನು ಕೈಯಿಟ್ಟ ಮೇಲೆ ಒಬ್ಬರೂ ಚಾವಡಿಗೆ ಹೋಗಿಲ್ಲ ಎಂಬುದನ್ನು ನಾನು ಎದೆ ತಟ್ಟಿ ಹೇಳುತ್ತೇನೆ. ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ದನಿಯನ್ನು ಎರಡು ಕಡೆ ಇಟ್ಟರೆ ಎರಡೂ ಹಳಸುತ್ತವೆ ಎಂದು ನಮ್ಮೂರಿನವರ ನಂಬಿಕೆ. ನಕಲು ಮಾಡಿಸಿಕೊಳ್ಳಿ, ನಕಲು ಮಾಡಿಸಿಕೊಳ್ಳಿ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಹೂಂ ಎಂದು ತಲೆಯಾಡಿಸಿ ಹೋಗುತ್ತಾರೆ, ಆಮೇಲೆ ಕೆಟ್ಟದ್ದನ್ನು ಹಿಡಿದುಕೊಂಡು ಓಡಿ ಬರುತ್ತಾರೆ.

ಗುರುಪಾದ ಬಂದದ್ದೂ ಹಾಗೇ. ಊರಿಗೆಲ್ಲ ಬ್ರೆಡ್ಡು ಬನ್ನು ಸುಡುವ ಬೇಕರಿ ಅವನದು. ತೋಳಿಗೆ ಮೈದಾ ಮೆತ್ತಿಕೊಂಡೇ ಬಂದು, ಬ್ರೆಡ್ ಸುತ್ತುವ ಕಾಗದದಿಂದ ಒಂದು ಪೆನ್ ಡ್ರೈವು ತೆಗೆದು ನನ್ನ ಮೇಜಿನ ಮೇಲಿಟ್ಟ. ಅವನ ಹೆಂಡತಿ ಶಾಂಭವಿ ಹಿಂದೆಯೇ ನಿಂತಿದ್ದಳು.

"ವಾರಿಜಕ್ಕಾ, ನೀಲತ್ತೆ ಬೆಳಿಗ್ಗೆ ಎಬ್ಬಿಸಿದ್ಲು. ಆಮೇಲೆ ಇದ್ರ ದೀಪಾನೇ ಹತ್ತಿಲ್ಲ" ಎಂದ.

"ನಕಲು ಇದೆಯಾ?"

"ಬೈಯೋದಿದ್ರೆ ಆಮೇಲೆ ಬೈಕೊಳ್ಳಿ ಅಕ್ಕಾ" ಎಂದಳು ಶಾಂಭವಿ. "ಸಂಜೆಯೊಳಗೆ ಆಗುತ್ತಾ ಹೇಳಿ. ಇವ್ರು ಕೂತಲ್ಲೇ ತೂಕಡಿಸೋ ಮನುಷ್ಯ."

ಸಂಜೆಯೊಳಗೆ ಆಗುತ್ತದೆ ಎಂದು ನಾನು ಹೇಳಿಬಿಟ್ಟೆ. ಆಗ ಅದರ ಹೊಟ್ಟೆ ಬಿಚ್ಚಿ ನೋಡಿರಲಿಲ್ಲ.

ಪೆನ್ ಡ್ರೈವಿನೊಳಗೆ ಮುಖ್ಯವಾಗಿ ಇರುವುದು ಎರಡೇ ಚಿಪ್ಪು. ಒಂದು ಮೆಮೊರಿ, ದನಿ ಕೂತಿರುವ ಉಗ್ರಾಣ. ಇನ್ನೊಂದು ಕಂಟ್ರೋಲರು, ಆ ಉಗ್ರಾಣದ ಪಾರುಪತ್ಯಗಾರ. ಬಂದ ಸಾಮಾನನ್ನು ಯಾವ ಮೂಲೆಯಲ್ಲಿ ಹೇಗೆ ಇಟ್ಟಿದ್ದಾನೆಂದು ಅವನೊಬ್ಬನಿಗೇ ಗೊತ್ತು. ಇಲ್ಲಿ ಪಾರುಪತ್ಯಗಾರ ಸುಟ್ಟುಹೋಗಿದ್ದ. ಅದೇನು ನನಗೆ ಹೊಸದಲ್ಲ. ಬಿಸಿಗಾಳಿ ಬಿಟ್ಟು ಬೆಸುಗೆ ಕರಗಿಸಿ, ಮೆಮೊರಿ ಚಿಪ್ಪನ್ನು ಚಿಮಟದಲ್ಲಿ ಎತ್ತಿ, ಓದುವ ಪೆಟ್ಟಿಗೆಯಲ್ಲಿ ಕೂರಿಸಿದೆ. ಪೆಟ್ಟಿಗೆ ಮೊದಲು ಚಿಪ್ಪನ್ನು ನೀನು ಯಾರು ಎಂದು ಕೇಳುತ್ತದೆ. ಚಿಪ್ಪು ತನ್ನ ಗುರುತಿನ ಸಂಖ್ಯೆ ಹೇಳುತ್ತದೆ. ಆ ಸಂಖ್ಯೆ ಗೊತ್ತಿದ್ದರೆ ಒಳಗಿನದನ್ನು ಹೇಗೆ ಓದಬೇಕೆಂದು ಪೆಟ್ಟಿಗೆಗೆ ತಿಳಿಯುತ್ತದೆ. ಈ ಚಿಪ್ಪು ಹೇಳಿದ ಸಂಖ್ಯೆಯನ್ನು ನನ್ನ ಪೆಟ್ಟಿಗೆ ಯಾವತ್ತೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಚಿಪ್ಪಿನ ಮೈಮೇಲಿನ ಅಚ್ಚನ್ನೂ ಯಾರೋ ಉಜ್ಜಿ ತೆಗೆದಿದ್ದರು. ಹೆಸರಿಲ್ಲ, ಕುಲವಿಲ್ಲ.

"ಎಲ್ಲಿ ತಗೊಂಡ್ರಿ ಇದನ್ನ?" ಎಂದು ಕೇಳಿದೆ.

"ಅತ್ತೇನೇ ತಗೊಂಡಿದ್ದು. ಬಸ್ ಸ್ಟ್ಯಾಂಡಲ್ಲಿ ಬಾಚಣಿಗೆ, ಪಿನ್ನು ಮಾರೋರ ತಟ್ಟೇಲಿ" ಎಂದ ಗುರುಪಾದ. "ನಂಗೋಸ್ಕರ ಒಳ್ಳೇದು ಯಾಕೆ ತಗೋತಾಳೆ ಅವ್ಳು."

ಅವನ ಮಾತಿನಲ್ಲಿದ್ದ ನೋವು ಊರಿಗೆಲ್ಲ ಗೊತ್ತಿದ್ದದ್ದೇ. ಗುರುಪಾದನ ಮದುವೆಯ ದಿನ ಬೆಳಿಗ್ಗೆ ಪೇಟೆಗೆ ಹೋಗಿದ್ದ ಅವನ ಸೋದರತ್ತೆ ನೀಲಾಂಬಿಕೆಯ ಬಸ್ಸು ವಾಪಸು ಬರುವ ದಾರಿಯಲ್ಲಿ ಕೆಟ್ಟು ನಿಂತಿತು. ಮುಹೂರ್ತ ಮೀರುತ್ತದೆಂದು ಗುರುಪಾದನ ಅಪ್ಪ, ಸೋದರತ್ತೆ ಹಿಡಿಯಬೇಕಾದ ದೀಪವನ್ನು ಬೇರೆ ಯಾರ ಕೈಗೋ ಕೊಟ್ಟು ತಾಳಿ ಕಟ್ಟಿಸಿಬಿಟ್ಟ. ನಮ್ಮೂರಿನಲ್ಲಿ ಇದು ಸಣ್ಣ ಅವಮಾನವಲ್ಲ. ಅವತ್ತಿನಿಂದ ನೀಲಾಂಬಿಕೆ ಅಣ್ಣನ ಮನೆಯ ಹೊಸ್ತಿಲು ದಾಟಲಿಲ್ಲ. ದಿನಾ ಬೆಳಿಗ್ಗೆ ಬೀದಿಯಲ್ಲೇ ನಿಂತು, ಕಿಟಕಿಯ ಕಡೆ ಮುಖ ಮಾಡಿ ಕೂಗಿ, ಕಾಫಿಯನ್ನೂ ಕುಡಿಯದೆ ಹೋಗುತ್ತಿದ್ದಳು. ಸಾಯುವ ಮುಂಚೆ ಪೆನ್ ಡ್ರೈವಿಗೆ ಹಾಕಿಟ್ಟದ್ದೂ ಅಂಥದೇ ಕೂಗು. "ಗುರುಪಾದ. ಗುರುಪಾದ. ಗುರುಪಾದ. ಏಳು." ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಅವನು ಹನ್ನೆರಡು ವರ್ಷ ಆ ಕೂಗಿಗೆ ಎದ್ದು ಒಲೆ ಹಚ್ಚಿದ್ದಾನೆ.

"ಕೋಪದಲ್ಲೇ ಹೋದ್ಲು ಅಕ್ಕಾ. ದಿನಾ ಕೋಪದಲ್ಲೇ ಎಬ್ಬಿಸ್ತಾಳೆ" ಎಂದ. "ಆದ್ರೂ ಅದೂ ಬೇಕಲ್ಲ."

ಸಂಜೆಯಾಯಿತು, ನನ್ನ ಮಾತು ಸುಳ್ಳಾಯಿತು. ಗುರುಪಾದನನ್ನು ಎಚ್ಚರವಾಗಿಡಲು ಬೀದಿಯವರು ಸರದಿ ಹಾಕಿಕೊಂಡರು. ಇದು ನಮ್ಮೂರಿಗೆ ಅಭ್ಯಾಸವಾದ ಕೆಲಸ, ಯಾರೂ ಹೇಳಿಸಿಕೊಳ್ಳುವುದಿಲ್ಲ, ತಾವಾಗಿ ಬರುತ್ತಾರೆ. ಒಬ್ಬರು ಚೌಕಾಬಾರ ಆಡಿಸಿದರು, ಒಬ್ಬರು ಹಸಿಮೆಣಸಿನಕಾಯಿ ಕಚ್ಚಿಸಿದರು, ಇನ್ನೊಬ್ಬರು ರಾಜಕೀಯ ತೆಗೆದು ಜಗಳಕ್ಕೆಳೆದರು. ಮಾರನೆಯ ದಿನ ಊರಿಗೆ ಬಂದ ಬ್ರೆಡ್ಡಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಎಲ್ಲರೂ ಸುಮ್ಮನೆ ತಿಂದರು.

ನಾನು ಆ ಅನಾಮಧೇಯ ಚಿಪ್ಪಿನ ಮುಂದೆ ಕೂತೆ. ಚಿಪ್ಪು ತನ್ನೊಳಗಿನದನ್ನು ಪುಟಪುಟವಾಗಿ ಇಡುತ್ತದೆ. ಪುಟದ ಉದ್ದ ತಿಳಿಯದೆ ಓದಿದರೆ ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ. ನನಗೆ ಗೊತ್ತಿದ್ದ ಉದ್ದಗಳನ್ನೆಲ್ಲ ಹಾಕಿ ನೋಡಿದೆ, ಯಾವುದೂ ಕೂರಲಿಲ್ಲ. ಕೊನೆಗೆ ಗೊತ್ತಿರುವುದನ್ನೆಲ್ಲ ಪಕ್ಕಕ್ಕಿಟ್ಟು, ಒಳಗೆ ಇದ್ದದ್ದನ್ನು ಇದ್ದ ಹಾಗೇ ಉದ್ದಕ್ಕೆ ಹರಡಿ, ಕಣ್ಣು ಅರ್ಧ ಮುಚ್ಚಿ ನೋಡಿದೆ. ಸೀರೆಯ ಬಟ್ಟೆಯಲ್ಲಿ ಹೂವು ಎಷ್ಟು ದೂರಕ್ಕೊಮ್ಮೆ ಮರಳಿ ಬರುತ್ತದೆಂದು ನೋಡುವುದಿಲ್ಲವೇ, ಹಾಗೆ. ಒಂದು ಕಡೆ ಅದೇ ಗೆರೆ ಮತ್ತೆ ಕಂಡಿತು. ಅಳೆದೆ. ಮತ್ತೆ ಅಷ್ಟೇ ದೂರಕ್ಕೆ ಕಂಡಿತು. ಪುಟದ ಉದ್ದ ಸಿಕ್ಕಿತು. ಯಾವ ಲೆಕ್ಕಕ್ಕೂ ಬಾರದ ವಿಚಿತ್ರ ಉದ್ದ.

ಆದರೆ ಓದಿದ್ದೆಲ್ಲ ಗೊಜ್ಜು. ಪಾರುಪತ್ಯಗಾರ ಸಾಯುವ ಮುಂಚೆ ಪ್ರತಿಯೊಂದನ್ನೂ ತನ್ನದೇ ಒಂದು ಕ್ರಮದಲ್ಲಿ ಕಲಸಿ ಇಟ್ಟಿದ್ದ. ಆ ಕ್ರಮ ಅವನ ಜೊತೆಗೇ ಹೋಗಿತ್ತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗುರುಪಾದನನ್ನು ಅಂಗಡಿಗೇ ಕರೆತಂದು ಬೆಂಚಿನ ಮೇಲೆ ಕೂರಿಸಿದ್ದರು. ಕಣ್ಣು ಕೆಂಡದುಂಡೆಯಾಗಿತ್ತು. ಶಾಂಭವಿ ಅವನ ತೋಳು ಚಿವುಟುತ್ತ, ಅವನು ಬೈಯುವುದನ್ನು ಕೇಳಿಸಿಕೊಳ್ಳುತ್ತ, ಮತ್ತೆ ಚಿವುಟುತ್ತಿದ್ದಳು. ನನಗೂ ಒಳಗೆ ಹೆದರಿಕೆಯಾಗಿತ್ತು, ಮುಖದಲ್ಲಿ ತೋರಿಸಲಿಲ್ಲ ಅಷ್ಟೆ.

ಆಗ ಹೊಳೆಯಿತು. ಅತ್ತೆಯ ಕೂಗು ಅಂಗೈಯಷ್ಟು, ಡ್ರೈವು ಅಂಗಳದಷ್ಟು. ಉಳಿದದ್ದೆಲ್ಲ ಖಾಲಿ. ಈ ಪುಣ್ಯಾತ್ಮ ಖಾಲಿಯನ್ನೂ ಬಿಡದೆ ಕಲಸಿದ್ದಾನೆ! ಏನೂ ಇಲ್ಲದ್ದನ್ನು ಕಲಸಿದರೆ ಅಲ್ಲಿ ಕಾಣುವುದು ಕಲಸಿದ ಕೈಯೊಂದೇ. ಖಾಲಿ ಪುಟಗಳನ್ನು ಓದಿ ಅವನ ಕ್ರಮವನ್ನು ಪೂರ್ತಿ ಕಲಿತೆ. ತಿರುಗಿಸಿ ಹಾಕಿದೆ. ಗೊಜ್ಜೆಲ್ಲ ಬಿಡಿಬಿಡಿಯಾಗಿ ನಿಂತಿತು. ಬೆನ್ನು ತಟ್ಟುವವರು ಯಾರೂ ಇರಲಿಲ್ಲ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಈಗಲೂ ಆ ಗಳಿಗೆ ನೆನೆದರೆ ನನಗೆ ನಾನೇ ಒಂದು ಲೋಟ ಕಾಫಿ ಕೊಡಬೇಕೆನ್ನಿಸುತ್ತದೆ.

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಕೂಗು ಇದ್ದ ಪುಟಗಳು ಸವೆದುಹೋಗಿದ್ದವು. ದಿನಾ ಅದನ್ನೇ ಓದಿ ಓದಿ ಆ ಜಾಗ ಶಕ್ತಿಗೆಟ್ಟಿತ್ತು. ಒಮ್ಮೆ ಓದಿದರೆ "ಗು" ಎಂದು ಕರಕರ, ಇನ್ನೊಮ್ಮೆ ಓದಿದರೆ ಅದೂ ಇಲ್ಲ. ತಣ್ಣಗಿದ್ದರೆ ಚಿಪ್ಪು ಸ್ವಲ್ಪ ನಿಜ ಹೇಳುತ್ತದೆ. ಐಸ್ ಕ್ಯಾಂಡಿ ತರಿಸಿ, ಸ್ಟೀಲ್ ಲೋಟದಲ್ಲಿ ಹಾಕಿ, ಲೋಟದ ತಳವನ್ನು ಚಿಪ್ಪಿಗೆ ಒತ್ತಿ ಹಿಡಿದು ಓದಿದೆ. ಕಿತ್ತಳೆ ಬಣ್ಣದ ನೀರು ಮಿಕ್ಕಿತೇ ಹೊರತು ಕೂಗು ಬರಲಿಲ್ಲ.

ಸೋತೆನೆಂದು ಹೇಳಲು ಬಾಯಿ ತೆರೆದವಳು, ಸುಮ್ಮನೆ ಮುಂದಿನ ಪುಟಗಳನ್ನು ಸರಿಸಿ ನೋಡಿದೆ. ಖಾಲಿ ಎಂದು ಪಾರುಪತ್ಯಗಾರ ಲೆಕ್ಕ ಬಿಟ್ಟಿದ್ದ ಒಂದು ಮೂಲೆಯಲ್ಲಿ ಏನೋ ಇತ್ತು. ಖಾಲಿ ಅಲ್ಲ. ದನಿಯ ಆಕಾರದ್ದು. ಅಳಿಸಿದ್ದು ಎಂದರೆ ಡ್ರೈವಿನಲ್ಲಿ ನಿಜವಾಗಿ ಅಳಿಸಿರುವುದಿಲ್ಲ, ಹೊಸದನ್ನು ಬೇರೆ ಜಾಗದಲ್ಲಿ ಇಟ್ಟು ಹಳೆಯದನ್ನು ಮರೆತಿರುತ್ತದೆ. ಯಾರೂ ಓದದೆ ಬಿಟ್ಟದ್ದರಿಂದ ಆ ಪುಟಗಳು ಹೊಸದರ ಹಾಗೇ ಇದ್ದವು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೇಳಿದೆ. ನೀಲಾಂಬಿಕೆಯದೇ ದನಿ. ನಗುತ್ತಿದ್ದಳು. ಅವಳು ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಪೂರ್ತಿ ಕೇಳಿ, ಮೊದಲು ಅದನ್ನು ಮೂರು ಕಡೆ ನಕಲು ಮಾಡಿದೆ, ಆಮೇಲೆ ಕಣ್ಣೊರೆಸಿಕೊಂಡೆ.

ಹೊನ್ನಜ್ಜಿಯನ್ನು ಕರೆಸಿದೆ. ಊರಿನ ತೊಟ್ಟಿಲ ಶಾಸ್ತ್ರಗಳನ್ನೂ ಕೂಗು ಹಾಕಿಸುವ ಶಾಸ್ತ್ರವನ್ನೂ ನಿಂತು ಮಾಡಿಸುವವಳು ಅವಳೇ. ಹೆಡ್‌ಫೋನಿನಲ್ಲಿ ನಾಲ್ಕು ಮಾತು ಕೇಳುತ್ತಲೇ ಅದನ್ನು ಕಿತ್ತು ಮೇಜಿನ ಮೇಲಿಟ್ಟಳು.

"ಇದನ್ನ ಎಲ್ಲಿಂದ ತೆಗ್ದೆ? ಅಳಿಸು ಅಂತ ನಾನೇ ಹೇಳಿದ್ದೆ ಅವ್ಳಿಗೆ."

"ಯಾಕಜ್ಜಿ?"

"ನಗು ಅಳು ಇರೋ ದನಿ ಇಡಬಾರ್ದು ಕಣೇ. ಮಲಗಿದೋರು ಅದನ್ನ ಕನಸು ಅಂದ್ಕೊಂಡು ಇನ್ನೂ ಒಳಕ್ಕೆ ಹೋಗ್ತಾರೆ. ಅದಕ್ಕೇ ಎಲ್ಲಾರಿಗೂ ಮೊದಲ್ನೇದು ಅಳಿಸ್ಬಿಟ್ಟು, ನೀಟಾಗಿ ಒಣಗಿದ ದನೀಲಿ ಇನ್ನೊಂದ್ಸಲ ಹಾಕ್ಸೋದು. ನೀಲಾಂಬಿಕೆ ಮೊದಲ್ನೇ ಸಲ ಹೀಗೆ ಹರಟಿದ್ಲು. ಅಳಿಸು ಅಂದೆ. ಸಿಟ್ಟು ಮಾಡ್ಕೊಂಡು, ಹಾಗಾದ್ರೆ ತಗೋ ಅಂತ ಹಾಜರಿ ಕರೆದಂಗೆ ಕರೆದ್ಲು. ಸಿಟ್ಟು ನನ್ಮೇಲೆ. ಹುಡುಗನ ಮೇಲಲ್ಲ." ಅಜ್ಜಿ ಹೆಡ್‌ಫೋನನ್ನು ನನ್ನ ಕಡೆಗೆ ಸರಿಸಿದಳು. "ಇನ್ನೊಂದು. ಇದ್ರಲ್ಲಿ ಗುರುಪಾದ ಅನ್ನೋ ಹೆಸರೇ ಇಲ್ಲ. ಹೆಸರು ಕರೀದೆ ಯಾರಾದ್ರೂ ಎದ್ದಿದ್ದು ನಾನಂತೂ ನೋಡಿಲ್ಲ."

ಅದೂ ನಿಜವಾಗಿತ್ತು. ಅಳಿಸಿದ ಕೂಗಿನಲ್ಲಿ ನೀಲಾಂಬಿಕೆ ಅವನನ್ನು ಗೊದ್ದ ಎಂದು ಕರೆದಿದ್ದಳು. ಗೊದ್ದ ಎಂದರೆ ಸಕ್ಕರೆ ಡಬ್ಬಿ ಬಿಡದೆ ಸುತ್ತುವ ಕಪ್ಪು ಇರುವೆ. ಚಿಕ್ಕಂದಿನಲ್ಲಿ ಅವನು ಹಾಗೇ ಇದ್ದನಂತೆ.

"ಅಜ್ಜಿ, ತೊಟ್ಟಿಲಲ್ಲಿರೋ ಕೂಸಿಗೆ ಹೆಸರು ಅಂದ್ರೆ ಏನು ಗೊತ್ತಿರುತ್ತೆ? ಅದು ಗುರುತು ಹಿಡಿಯೋದು ದನೀನ" ಎಂದೆ.

"ನಿಂಗೆ ಖಾತ್ರಿನಾ?"

ಚಿಪ್ಪಿನ ಮಟ್ಟಿಗೆ ನನಗೆ ಖಾತ್ರಿಯಿತ್ತು. ಒಂದು ಉಸಿರೂ ಬಿಟ್ಟುಹೋಗದಂತೆ ತೆಗೆದಿದ್ದೆ. ಮಲಗಿದವನ ಮಟ್ಟಿಗೆ ಖಾತ್ರಿ ಎಲ್ಲಿಂದ ತರಲಿ? ಇಲ್ಲ ಎಂದೆ.

ಬೆಂಚಿನ ಮೇಲೆ ಕೂತಿದ್ದ ಗುರುಪಾದ ಇದೆಲ್ಲವನ್ನೂ ಕೇಳಿಸಿಕೊಂಡಿದ್ದ. ತಲೆ ಎತ್ತಲು ಅವನಿಗೆ ಶಕ್ತಿಯಿರಲಿಲ್ಲ.

"ನಗ್ತಾ ಇದಾಳಾ ಅಕ್ಕಾ?"

"ಹೂಂ ಕಣಪ್ಪಾ."

"ಹಾಗಾದ್ರೆ ಮಲಗ್ತೀನಿ."

"ಬೇಡಾರೀ" ಎಂದಳು ಶಾಂಭವಿ. "ಇನ್ನೊಂದ್ಸಲ ನೋಡ್ಲಿ ಅವ್ರು, ಹಳೇದೇ ಸಿಗಬೋದು. ನಾನು ಎಚ್ಚರವಾಗಿ ಇಡ್ತೀನಿ ನಿಮ್ಮನ್ನ, ಎಷ್ಟು ದಿನ ಆದ್ರೂ ಇಡ್ತೀನಿ."

"ಆಗಲ್ಲ ಶಾಂಭವಿ. ನಿನ್ ಮುಖ ಎರಡೆರಡು ಕಾಣ್ತಿದೆ." ಅವನು ಅವಳ ಕೈ ಹಿಡಿದುಕೊಂಡ. "ಎರಡೂ ಅಳ್ತಾವೆ."

ಅವಳು ತನ್ನ ಸೆರಗು ಮಡಚಿ ಅವನ ತಲೆಯ ಕೆಳಗೆ ಇಟ್ಟಳು. ತಲೆ ತಾಗುವುದಕ್ಕೂ ಅವನು ನಿದ್ದೆಹೋಗುವುದಕ್ಕೂ ಸರಿಹೋಯಿತು. ಸೆರಗು ಅವನ ತಲೆಯ ಅಡಿಗಿದ್ದದ್ದರಿಂದ ಅವಳು ಬೆಂಚಿನ ಪಕ್ಕ ನೆಲದ ಮೇಲೆ ಹಾಗೇ ಕೂತಳು. ಅಷ್ಟರಲ್ಲಿ ಅಂಗಡಿಯ ಮುಂದೆ ಅರ್ಧ ಊರು ನೆರೆದಿತ್ತು. ಬಸ್ಸಿನ ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ನಿಂತಿದ್ದ. ಎರಡು ದಿನದ ನಿದ್ದೆ ಬಾಕಿ, ಸ್ವಲ್ಪವಾದರೂ ಮಲಗಲಿ ಎಂದು ಕೆಲವರು, ಈಗಲೇ ಎಬ್ಬಿಸಿ ಎಂದು ಕೆಲವರು. ಶಾಂಭವಿ ನನ್ನ ಮುಖ ನೋಡಿದಳು. ಸ್ಪೀಕರು ಒತ್ತಿದೆ.

"ಲೋ ಗೊದ್ದಾ..." ಎಂದಳು ನೀಲಾಂಬಿಕೆ. ಅಂಗಡಿಯೊಳಕ್ಕೇ ಬಂದು ನಿಂತಷ್ಟು ಸ್ಪಷ್ಟ. ಆ ಕರಕರ ಇಲ್ಲ, ಒಡಕಿಲ್ಲ. ಹೊರಗಿದ್ದ ಅತ್ತೆಯಂದಿರು ಬಾಯಿಗೆ ಕೈ ಹಚ್ಚಿದರು. ಗುರುಪಾದ ಅಲುಗಲಿಲ್ಲ.

"ಗೊದ್ದಾ, ಏಳೋ ಕಂದಾ. ಒಲೆ ಹಚ್ಚಲ್ವೇನೋ?" ಎಂದು ಅವಳು ನಕ್ಕಳು. ಅವನ ತುಟಿಯೂ ನಕ್ಕಿತು. ಆದರೆ ಕಣ್ಣು ತೆರೆಯಲಿಲ್ಲ. ಉಸಿರು ಇನ್ನೂ ಆಳಕ್ಕೆ ಇಳಿಯಿತು. ಹೊನ್ನಜ್ಜಿ "ಅಯ್ಯೋ, ಹೋದ" ಎಂದು ಗೋಡೆಗೆ ಒರಗಿದಳು. ಶಾಂಭವಿ ಅವನ ಭುಜ ಹಿಡಿದು ಅಲುಗಾಡಿಸತೊಡಗಿದಳು, ಅದರಿಂದ ಏನೂ ಆಗದೆಂದು ಗೊತ್ತಿದ್ದೂ. ಇಷ್ಟು ವರ್ಷ ಎದೆ ತಟ್ಟಿಕೊಂಡವಳು ನಾನು, ಚಾವಡಿಗೆ ಹೋಗುವ ಮೊದಲನೆಯವನು ಇವನೇ ಎಂದುಕೊಂಡೆ.

ಸ್ಪೀಕರಿನಲ್ಲಿ ನೀಲಾಂಬಿಕೆ ತನ್ನ ಪಾಡಿಗೆ ತಾನು ಹರಟುತ್ತಿದ್ದಳು. "ನಿಮ್ಮಪ್ಪನ ಮೇಲೆ ನಂಗೆ ಕೋಪ ಕಣೋ, ನಿನ್ಮೇಲೆ ಏನಿದೆ? ನೀನು ಮಾಡೋ ಬನ್ನು ಪಕ್ಕದ್ಮನೆಯೋಳ ಕೈಲಿ ದಿನಾ ತರಿಸ್ಕೊಂಡು ತಿಂತಿದ್ದೆ, ಯಾರಿಗೂ ಹೇಳ್ಬೇಡ. ಚೆನ್ನಾಗ್ ಮಾಡ್ತೀಯ. ಆದ್ರೆ ಗೊದ್ದ ಅಲ್ವಾ ನೀನು, ಸಕ್ಕರೆ ಮಾತ್ರ ಜಾಸ್ತಿ ಸುರೀತೀಯ."

"ಇಲ್ಲಾ ಅತ್ತೆ, ಅಳತೇಲೇ ಹಾಕೋದು" ಎಂದ ಗುರುಪಾದ.

ಕಣ್ಣು ಬಿಟ್ಟಿದ್ದ.

ಅಂಗಡಿಯ ಹೊರಗೆ ಎದ್ದ ಕೂಗಿಗೆ ಬಸ್ ಸ್ಟ್ಯಾಂಡಿನ ಕಾಗೆಗಳೆಲ್ಲ ಹಾರಿದವು. ಶಾಂಭವಿ ಅವನ ಎದೆಗೆ ಹಣೆ ಹಚ್ಚಿ ಅತ್ತಳು, ಅಳುತ್ತಲೇ ಒಂದು ಗುದ್ದಿದಳು. ಹೆಸರಿಲ್ಲದ ಚಿಪ್ಪಿನಿಂದ, ಸತ್ತ ಪಾರುಪತ್ಯಗಾರನ ಕೈಯಿಂದ, ಅಳಿಸಿದ ದನಿಯನ್ನು ನಾನು ಹೊರಗೆ ತಂದಿದ್ದೆ, ಆ ದನಿ ಹೆಸರು ಕರೆಯದೆ ಒಬ್ಬನನ್ನು ಎಬ್ಬಿಸಿತ್ತು. ನಾನು ಜಂಬ ಪಡದೆ ಇನ್ಯಾರು ಪಡಬೇಕು? ಪಟ್ಟೆ. ಎಲ್ಲರೆದುರೂ ಪಟ್ಟೆ.

ನಮ್ಮೂರಿನಲ್ಲಿ ಎದ್ದ ಕೂಡಲೇ ಕೂಗು ಆರಿಸುವುದು ವಾಡಿಕೆ. ನಾನು ಅಭ್ಯಾಸಬಲದಿಂದ ಗುಂಡಿಯ ಕಡೆ ಕೈ ಚಾಚಿದೆ. ಗುರುಪಾದ ಎದ್ದು ಕೂತು ನನ್ನ ಮಣಿಕಟ್ಟು ಹಿಡಿದುಕೊಂಡ.

"ಆರಿಸ್ಬೇಡಿ ಅಕ್ಕಾ. ಮಾತಾಡ್ತಾ ಇದಾಳೆ."

ಅವಳು ಇನ್ನೂ ಸ್ವಲ್ಪ ಮಾತಾಡಿದಳು. ದೀಪ ಹಿಡಿಯಲು ತಾನೇ ಮಡಚಿ ತಂದಿದ್ದ ಸೀರೆಯ ಬಗ್ಗೆ, ಕೆಟ್ಟು ನಿಂತ ಬಸ್ಸಿನ ಬಗ್ಗೆ, ಶಾಂಭವಿ ಮೂಗುತಿಯಲ್ಲಿ ಚೆನ್ನಾಗಿ ಕಾಣುತ್ತಾಳೆ ಎಂಬುದರ ಬಗ್ಗೆ. ಹಿಂದಿನಿಂದ ಹೊನ್ನಜ್ಜಿಯ ದನಿ "ಸಾಕು, ಅಳಿಸು ಇದನ್ನ" ಎಂದದ್ದೂ ಕೇಳಿಸಿತು. ಅಲ್ಲಿಗೆ ಮುಗಿಯಿತು. ಗೋಡೆಗೆ ಒರಗಿದ್ದ ಹೊನ್ನಜ್ಜಿ ನಿಧಾನಕ್ಕೆ ಬಂದು, ಸೊಂಟದ ಎಲೆಅಡಿಕೆ ಚೀಲದಿಂದ ತನ್ನ ಅತ್ತೆಯ ಪೆನ್ ಡ್ರೈವು ತೆಗೆದು ನನ್ನ ಮೇಜಿನ ಮೇಲಿಟ್ಟಳು. "ಕೆಟ್ಟಿಲ್ಲ. ಆದ್ರೂ ಒಳಗೆ ಹುಡುಕಿ ನೋಡು" ಎಂದಳು. ಅವಳ ಹಿಂದೆ ಬಾಗಿಲವರೆಗೂ ಜನ ಸಾಲು ನಿಂತರು, ಎಲ್ಲರ ಕೈಯಲ್ಲೂ ಒಂದೊಂದು.

ನಾನು ಸಾಲಿನ ಕಡೆ ತಿರುಗುವಷ್ಟರಲ್ಲಿ ಗುರುಪಾದ ಮತ್ತೆ ಬೆಂಚಿನ ಮೇಲೆ ಉದ್ದಕ್ಕೆ ಕಾಲು ಚಾಚಿ, ಹೆಂಡತಿಯ ಸೆರಗನ್ನು ತಲೆಯಡಿಗೆ ಎಳೆದುಕೊಳ್ಳುತ್ತಿದ್ದ.

"ಏನ್ರೀ ಇದು, ಈಗ ತಾನೇ ಎದ್ರಲ್ಲಾ!" ಎಂದಳು ಶಾಂಭವಿ.

"ಇನ್ನೊಂದ್ಸಲ ಎಬ್ಬಿಸ್ಲಿ ಬಿಡೇ" ಎಂದು ಅವನು ಕಣ್ಣು ಮುಚ್ಚಿದ.